ಪಾಂಡವರು ಆಮೇಲೆ, ಮೊದಲು ಪ್ಲೇಗು

ಡಾಕ್ಟರೇ, ನಮಸ್ಕಾರ.

ಒಂದೇ ಊರಿನಲ್ಲಿ ಇಷ್ಟು ವರ್ಷ ಕ್ಲಿನಿಕ್ ನಡೆಸಿ, ಈಗ ಆ ಊರಿನ ಚರಿತ್ರೆ ಬರೆಯಲು ಕೂತಿದ್ದೀರಿ. "ನಾನು ಇತಿಹಾಸ ಓದಿದವನಲ್ಲ, ಪ್ರೊಫೆಸರುಗಳು ನಗುವುದಿಲ್ಲವೇ?" ಅಂತ ಕೇಳಿದ್ದೀರಿ. ನಕ್ಕರೆ ನಗಲಿ ಬಿಡಿ. ನಿಮ್ಮ ಕಸುಬಿನವರು ಇದಕ್ಕೆ ಕೈ ಹಾಕಿದ್ದು ಇವತ್ತು ನಿನ್ನೆಯಲ್ಲ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಎಡಿನ್‌ಬರೋದಲ್ಲಿ ಓದಿದ ಡಾಕ್ಟರು. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳಿಸಿದ್ದು ಬೆಳೆ, ಕಸುಬು, ವ್ಯಾಪಾರದ ಲೆಕ್ಕ ತರಲು. ಊರುಗಳ ಮೇಲಿನ ಪ್ರೀತಿಗಲ್ಲ. ಆದರೂ 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳನ್ನು ಬಿಟ್ಟು ಆ ಕಾಲದ ನಮ್ಮ ರೈತರು, ನೇಕಾರರ ಬಗ್ಗೆ ಬರೆಯುವುದು ಕಷ್ಟ. ಬೊಂಬಾಯಿಯಲ್ಲಿ ವೈದ್ಯರಾಗಿದ್ದ ಗೋವೆಯ ಗೆರ್ಸನ್ ಡ ಕುನ್ಹಾ ಹಳೇ ನಾಣ್ಯ ಕೂಡಿಡುತ್ತಲೇ 1876ರಲ್ಲಿ ಕೊಂಕಣ ತೀರದ ಹಳೇ ಊರುಗಳಾದ ಚೌಲ್, ವಸಾಯಿಗಳ ಚರಿತ್ರೆ ಬರೆದರು.

ಈಗ ನಿಮ್ಮ ಮೊದಲ ಅಧ್ಯಾಯ. ವನವಾಸದಲ್ಲಿ ಪಾಂಡವರು ನಿಮ್ಮೂರಲ್ಲಿ ತಂಗಿದ್ದರು ಅಂತ ಶುರುವಾಗುತ್ತದೆ. ಅವರು ತಂಗದ ಊರು ನಮ್ಮಲ್ಲಿ ಯಾವುದಿದೆ ಹೇಳಿ? ಸುಮಾರು ಪುಟ ದಾಟಿದ ಮೇಲೆ ಒಂದು ಸಾಲು ಸಿಕ್ಕಿತು. ಪ್ಲೇಗು ಬಂದಾಗ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು ಅಂತ ವಯಸ್ಸಾದ ಪೇಷೆಂಟೊಬ್ಬರು ಹೇಳಿದರಂತೆ. ಅಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ!

ನಿಮ್ಮ ಪುಸ್ತಕ ಇರುವುದೇ ಅಲ್ಲಿ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು, ಆಮೇಲೆ ವರ್ಷಗಟ್ಟಲೆ ಸೀಮೆಯ ಊರೂರು ಸುತ್ತಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಗಂಟುಮೂಟೆ ಕಟ್ಟುತ್ತಿದ್ದರು. ಸತ್ತ ಇಲಿಯ ಚಿಗಟ ಮನುಷ್ಯರಿಗೆ ಹತ್ತುವುದು, ತೊಡೆಸಂದಿನಲ್ಲಿ, ಕಂಕುಳಲ್ಲಿ ಗಡ್ಡೆ ಏಳುವುದು, ಇದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಪ್ರೊಫೆಸರು ಬರೆದಾರು? ಗುಡಿಸಲು ಹಾಕಿದ್ದು ಯಾರ ಹೊಲದಲ್ಲಿ? ನೀರು ಯಾವ ಬಾವಿಯದು? ದಲಿತ ಕೇರಿಯವರನ್ನು ಅಲ್ಲೂ ದೂರ ಇಟ್ಟರಾ? ಪ್ಲೇಗಿನಮ್ಮನ ಗುಡಿ ಏನಾದರೂ ಇದೆಯಾ? ಕೆಲವರು ವಾಪಸ್ ಬರದೆ ಅಲ್ಲೇ ನಿಂತರಾ?

ಕೇಳಿ ಬರೆದುಕೊಳ್ಳುವುದು ನಿಮಗೆ ಹೊಸದಲ್ಲ. ಪೇಷೆಂಟು ಹೇಳಿದ್ದನ್ನಷ್ಟೇ ನಂಬಿ ಚೀಟಿ ಬರೆಯುವುದಿಲ್ಲ, ಹೊಟ್ಟೆ ಒತ್ತಿ ನೋಡುತ್ತೀರಿ ಅಲ್ವಾ? ಇಲ್ಲೂ ಹಾಗೇ ಮಾಡಿ. ಜನನ ಮರಣದ ಹಳೇ ರಿಜಿಸ್ಟರು ಉಳಿದಿದ್ದರೆ ತೆಗೆಸಿ ನೋಡಿ. ಅಜ್ಜಿಯ ಮಾತಿಗೂ ರಿಜಿಸ್ಟರಿಗೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಿವೆ, ತಾಲ್ಲೂಕುವಾರು ವಿಂಗಡಿಸಿದ್ದಾರೆ, ಹುಡುಕುವುದು ಸುಲಭ.

ಒಂದು ವಿಷಯಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಯಾವ ಮನೆಯಲ್ಲಿ ಯಾವ ಕಾಯಿಲೆ ಇತ್ತು ಅಂತ ಹೆಸರು ಹಿಡಿದು ಬರೆದಿದ್ದೀರಿ. ಅವರು ಅದನ್ನು ಹೇಳಿದ್ದು ಡಾಕ್ಟರಿಗೆ. ಆ ಪುಟಗಳನ್ನು ತೆಗೆದು ಪ್ಲೇಗಿನ ಅಧ್ಯಾಯ ಕಳಿಸಿ, ಯುಗಾದಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ