ನೇರಪ್ರಸಾರ ಶುರುವಾಗುವ ಮುನ್ನ ಪರದೆಯ ಮೇಲೆ ಕೌಂಟ್‌ಡೌನ್ ತೋರಿಸುವುದು ಹೇಗೆ?

ನೇರಪ್ರಸಾರದ ಉಚಿತ ತಂತ್ರಾಂಶವಾದ ಒಬಿಎಸ್ ಸ್ಟುಡಿಯೊ ಬಳಸಿ ಯೂಟ್ಯೂಬ್‌ನಲ್ಲಿ ವಾರಕ್ಕೊಮ್ಮೆ ನೇರಪ್ರಸಾರ ಮಾಡುತ್ತೀರಿ, ಶುರುವಾಗುವ ಮುನ್ನ ಪರದೆಯ ಮೇಲೆ ಕ್ಷಣಗಣನೆ ಓಡಬೇಕು, ಅದಕ್ಕಾಗಿ ಬೇರೆ ತಂತ್ರಾಂಶ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಏನನ್ನೂ ಕೊಳ್ಳಬೇಕಾಗಿಲ್ಲ. ಬೇಕಾದದ್ದೆಲ್ಲ ಒಬಿಎಸ್‌ನಲ್ಲೇ ಇದೆ. ಆದರೆ ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಿ. ನಿಮ್ಮ ಟೈಮರ್ ‘ಇನ್ನು ಐದು ನಿಮಿಷ’ ಎಂದು ಎಣಿಸಬೇಕೋ, ‘ಆರು ಗಂಟೆಗೆ ಇನ್ನೆಷ್ಟು ಹೊತ್ತಿದೆ’ ಎಂದು ಎಣಿಸಬೇಕೋ? ನೋಡಲು ಎರಡೂ ಒಂದೇ. ಆದರೆ ಮೊದಲನೆಯದು ನೀವು ಯಾವಾಗ ಶುರು ಮಾಡಿದಿರೋ ಅಲ್ಲಿಂದ ಎಣಿಸುತ್ತದೆ; ಎರಡನೆಯದು ಗಡಿಯಾರವನ್ನು ನೋಡಿ ಎಣಿಸುತ್ತದೆ. ಆರು ಗಂಟೆಗೆ ಬನ್ನಿ ಎಂದು ಪ್ರೇಕ್ಷಕರನ್ನು ಕರೆದಿದ್ದರೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸುಲಭದ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಒಬಿಎಸ್ ಜೊತೆಗೇ ‘ಕೌಂಟ್‌ಡೌನ್’ ಎಂಬ ಲುವಾ ಸ್ಕ್ರಿಪ್ಟ್ (ಲುವಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ) ಬರುತ್ತದೆ. ಒಂದು ಸೀನ್ (ಪರದೆಯ ಮೇಲೆ ಒಟ್ಟಿಗೆ ಕಾಣುವ ದೃಶ್ಯ) ಮಾಡಿ, ಅದರಲ್ಲಿ ಟೆಕ್ಸ್ಟ್ ಸೋರ್ಸ್ (ಪದಗಳನ್ನು ತೋರಿಸುವ ಘಟಕ) ಒಂದನ್ನು ಸೇರಿಸಿ. ಆಮೇಲೆ ಟೂಲ್ಸ್ ಮೆನುವಿನಲ್ಲಿ ಸ್ಕ್ರಿಪ್ಟ್ಸ್ ತೆರೆದು, ಪ್ಲಸ್ ಗುರುತನ್ನು ಒತ್ತಿ ಆ ಸ್ಕ್ರಿಪ್ಟನ್ನು ಆರಿಸಿಕೊಳ್ಳಿ. ಎಷ್ಟು ನಿಮಿಷ, ಯಾವ ಟೆಕ್ಸ್ಟ್ ಸೋರ್ಸ್, ಮುಗಿದಾಗ ಯಾವ ಪದಗಳು ಕಾಣಬೇಕು ಎಂದು ಅಲ್ಲೇ ತುಂಬಬಹುದು. ಆ ಸೀನ್ ಪ್ರಸಾರಕ್ಕೆ ಬಂದ ಕ್ಷಣದಿಂದ ಎಣಿಕೆ ಶುರು. ಇದರ ಕೊರತೆಯೂ ಅಲ್ಲಿಯೇ ಇದೆ: ನಡುವೆ ಬೇರೆ ಸೀನ್‌ಗೆ ಹೋಗಿ ಮರಳಿ ಬಂದರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಎರಡೇ ನಿಮಿಷ ಉಳಿದಿದೆ ಎಂದು ಕಾದವರಿಗೆ ಇದ್ದಕ್ಕಿದ್ದಂತೆ ಐದು ನಿಮಿಷ ಕಾಣುತ್ತದೆ. ಕಾರ್ಯಕ್ರಮದ ಮಧ್ಯೆ ಹತ್ತು ನಿಮಿಷದ ವಿರಾಮ ಕೊಡುವಾಗ ಈ ಸ್ಕ್ರಿಪ್ಟ್ ಚೆನ್ನಾಗಿ ಒದಗುತ್ತದೆ. ಆರಂಭದ ಕ್ಷಣಗಣನೆಗೆ ನಾನು ಇದನ್ನು ಬಳಸುವುದಿಲ್ಲ.

ಅಲ್ಲಿಗೆ ನಾನು ಬಳಸುವುದು ಬ್ರೌಸರ್ ಸೋರ್ಸ್. ಒಬಿಎಸ್‌ನೊಳಗೆ ಒಂದು ಪುಟ್ಟ ವೆಬ್ ಪುಟವನ್ನು ತೋರಿಸುವ ಸೌಲಭ್ಯ ಇದು. ನೋಟ್‌ಪ್ಯಾಡ್‌ನಲ್ಲಿ ಎಣಿಕೆಯ ಲೆಕ್ಕ ಮಾಡುವ ಹತ್ತಿಪ್ಪತ್ತು ಸಾಲಿನ ಎಚ್‌ಟಿಎಂಎಲ್ ಕಡತ (ವೆಬ್ ಪುಟದ ಕೋಡ್) ಬರೆದಿಟ್ಟುಕೊಂಡರೆ ಸಾಕು. ಬ್ರೌಸರ್ ಸೋರ್ಸ್ ಸೇರಿಸುವಾಗ ‘ಲೋಕಲ್ ಫೈಲ್’ ಎಂಬುದಕ್ಕೆ ಗುರುತು ಹಾಕಿ ಆ ಕಡತವನ್ನು ತೋರಿಸಿ. ಹಿನ್ನೆಲೆ ತಾನಾಗಿಯೇ ಪಾರದರ್ಶಕವಾಗಿರುವುದರಿಂದ ನಿಮ್ಮ ಚಿತ್ರದ ಮೇಲೆ ಅಂಕಿಗಳು ಮಾತ್ರ ಕಾಣುತ್ತವೆ. ಅಗಲ ಮತ್ತು ಎತ್ತರವನ್ನು ಬೇಕಾದಷ್ಟೇ ಕೊಡಿ. ಚಿಕ್ಕದಾಗಿ ಕೊಟ್ಟು ಆಮೇಲೆ ಮೌಸ್‌ನಿಂದ ಎಳೆದು ದೊಡ್ಡದು ಮಾಡಿದರೆ ಅಕ್ಷರಗಳ ಅಂಚು ಮಸುಕಾಗುತ್ತದೆ.

ಪುಟದೊಳಗಿನ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಐದು ನಿಮಿಷಕ್ಕೆ ಮುನ್ನೂರು ಎಂಬ ಸಂಖ್ಯೆ ಇಟ್ಟುಕೊಂಡು ಸೆಕೆಂಡಿಗೊಮ್ಮೆ ಒಂದನ್ನು ಕಳೆಯುತ್ತಾ ಹೋಗುವ ಮಾದರಿಗಳೇ ಅಂತರಜಾಲದಲ್ಲಿ ಹೆಚ್ಚು. ಬ್ರೌಸರ್‌ನ ಆ ‘ಸೆಕೆಂಡಿಗೊಮ್ಮೆ’ ಎಂಬುದು ಕರಾರುವಾಕ್ಕಲ್ಲ. ವಿಡಿಯೊವನ್ನು ಎನ್‌ಕೋಡ್ ಮಾಡುತ್ತಾ (ಪ್ರಸಾರಕ್ಕೆ ತಕ್ಕಂತೆ ಕುಗ್ಗಿಸುತ್ತಾ) ಕಂಪ್ಯೂಟರ್ ಏದುಸಿರು ಬಿಡುತ್ತಿರುವಾಗ ಅದು ಚೂರುಚೂರೇ ತಡವಾಗುತ್ತದೆ, ಆ ಚೂರುಗಳು ಒಟ್ಟುಗೂಡುತ್ತವೆ. ಬದಲಿಗೆ ಗುರಿಯ ಸಮಯವನ್ನು ಒಮ್ಮೆ ಬರೆದಿಡಿ. ಪ್ರತಿ ಸಲವೂ ಅದರಿಂದ ಈಗಿನ ಸಮಯವನ್ನು ಕಳೆದು ಉಳಿದದ್ದನ್ನು ತೋರಿಸಿ. ಹೀಗೆ ಮಾಡಿದರೆ ಒಬಿಎಸ್ ಕೈಕೊಟ್ಟು ಮತ್ತೆ ತೆರೆಯಬೇಕಾಗಿ ಬಂದರೂ ಟೈಮರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಸೀನ್ ಎಷ್ಟು ಸಲ ಬದಲಾಯಿಸಿದರೂ ಅಷ್ಟೆ. ನಿಮ್ಮ ಕಂಪ್ಯೂಟರಿನ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿಕೊಂಡಿರಬೇಕು, ಇದೊಂದೇ ಷರತ್ತು.

ಎರಡು ಸೂಕ್ಷ್ಮಗಳಿವೆ. ಲೆಕ್ಕವನ್ನು ಸೆಕೆಂಡಿಗೆ ನಾಲ್ಕು ಬಾರಿ, ಅಂದರೆ 250 ಮಿಲಿಸೆಕೆಂಡಿಗೊಮ್ಮೆ ಮಾಡಿಸಿ. ಸೆಕೆಂಡಿಗೆ ಒಮ್ಮೆ ಮಾತ್ರ ಮಾಡಿಸಿದರೆ ಕೆಲವೊಮ್ಮೆ ಹತ್ತರ ನಂತರ ನೇರವಾಗಿ ಎಂಟು ಬಂದುಬಿಡುತ್ತದೆ. ಇನ್ನೊಂದು, ಉಳಿದ ಸೆಕೆಂಡುಗಳನ್ನು ಪೂರ್ಣಾಂಕ ಮಾಡುವಾಗ ಮೇಲಕ್ಕೆ ಸರಿಸಿ. ಕೆಳಕ್ಕೆ ಸರಿಸಿದರೆ ಗುರಿಗೆ ಇನ್ನೂ ಒಂದು ಸೆಕೆಂಡ್ ಇರುವಾಗಲೇ ಸೊನ್ನೆ ಕಾಣುತ್ತದೆ. ಸೊನ್ನೆ ತಲುಪಿದ ಮೇಲೆ ಋಣಸಂಖ್ಯೆ ಓಡದಂತೆ ತಡೆದು, ‘ಈಗ ಆರಂಭ’ ಎಂಬಂಥ ಒಂದು ಸಾಲನ್ನು ತೋರಿಸಿ. ಅತಿಥಿಯ ಕ್ಯಾಮೆರಾ ತೆರೆದುಕೊಳ್ಳಲು ಅರ್ಧ ನಿಮಿಷ ತಡವಾದರೆ ಆ ಸಾಲು ಮಾನ ಕಾಪಾಡುತ್ತದೆ.

ಅಂಕಿಗಳು ಪ್ರತಿ ಸೆಕೆಂಡಿಗೂ ಎಡಬಲಕ್ಕೆ ತುಯ್ದಾಡುವುದನ್ನು ನೀವು ಕಂಡಿರಬಹುದು. ಅನೇಕ ಫಾಂಟ್‌ಗಳಲ್ಲಿ ಒಂದರ ಅಂಕಿ ಎಂಟಕ್ಕಿಂತ ಕಿರಿದು. ನಡುವಿಗೆ ಹೊಂದಿಸಿದ ಸಾಲಿನ ಅಗಲ ಬದಲಾದಂತೆಲ್ಲ ಇಡೀ ಸಾಲು ಸರಿಯುತ್ತದೆ. ಎಲ್ಲ ಅಂಕಿಗಳಿಗೂ ಸಮಾನ ಅಗಲವಿರುವ ಮಾನೊಸ್ಪೇಸ್ ಫಾಂಟ್ ಹಾಕಿದರೆ ಇದು ನಿಲ್ಲುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಬ್ರೌಸರ್ ಸೋರ್ಸ್ ಹಿಡಿಸಲು ಇನ್ನೊಂದು ಬಲವಾದ ಕಾರಣವಿದೆ. ಮ್ಯಾಕ್ ಮತ್ತು ಲಿನಕ್ಸ್‌ನ ಒಬಿಎಸ್‌ನಲ್ಲಿ ಸಿಗುವ ಫ್ರೀಟೈಪ್ ಟೆಕ್ಸ್ಟ್ ಸೋರ್ಸ್‌ಗೆ ಒತ್ತಕ್ಷರ ಕೂಡಿಸುವುದು ತಿಳಿಯದು. ‘ಶೀಘ್ರದಲ್ಲಿ’ ಎಂದು ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ ಚದುರಿ ನಿಲ್ಲುತ್ತವೆ. ಬ್ರೌಸರ್ ಅದನ್ನು ಒತ್ತು, ಗುಣಿತಗಳೊಂದಿಗೆ ಸರಿಯಾಗಿ ಜೋಡಿಸುತ್ತದೆ. ಕಡತವನ್ನು ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಹಿಡಿದಿಡುವ ಅಕ್ಷರ ಸಂಕೇತ ಕ್ರಮ) ರೂಪದಲ್ಲಿ ಉಳಿಸಿ, ಪುಟದ ಆರಂಭದಲ್ಲೂ ಅದನ್ನು ನಮೂದಿಸಿ. ಮರೆತರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

ಸೊನ್ನೆಯಾದ ಕೂಡಲೇ ಸೀನ್ ತಾನಾಗಿ ಬದಲಾಗುವಂತೆಯೂ ಮಾಡಬಹುದು. ಬ್ರೌಸರ್ ಸೋರ್ಸ್‌ನ ಗುಣಲಕ್ಷಣಗಳಲ್ಲಿ ಪುಟಕ್ಕೆ ಒಬಿಎಸ್ ಮೇಲೆ ಎಷ್ಟು ಅಧಿಕಾರವಿದೆ ಎಂಬ ಆಯ್ಕೆ ಇದೆ; ‘ಅಡ್ವಾನ್ಸ್‌ಡ್’ ಮಟ್ಟ ಕೊಟ್ಟರೆ ಪುಟವೇ ಸೀನ್ ಬದಲಿಸಬಲ್ಲದು. ನನಗೆ ಇದು ಹಿಡಿಸುವುದಿಲ್ಲ. ನೀವು ನೀರು ಕುಡಿಯುತ್ತಿದ್ದರೂ ಅದು ನಿಮ್ಮನ್ನು ಪರದೆಗೆ ತಂದು ನಿಲ್ಲಿಸುತ್ತದೆ. ಆ ಒಂದು ಗುಂಡಿ ನಿಮ್ಮ ಕೈಯಲ್ಲೇ ಇರಲಿ.

ಪ್ರೇಕ್ಷಕರಿಗೆ ಎಲ್ಲವೂ ಕೆಲವು ಸೆಕೆಂಡ್ ತಡವಾಗಿ ತಲುಪುತ್ತದೆಯಲ್ಲ, ಅದನ್ನು ಟೈಮರ್‌ನಲ್ಲಿ ಸರಿದೂಗಿಸಬೇಕೇ ಎಂಬ ಸಂಶಯ ನಿಮಗೆ ಬರಬಹುದು. ಬೇಡ. ನಿಮ್ಮ ಮಾತೂ ಅಷ್ಟೇ ತಡವಾಗಿ ಹೋಗುವುದರಿಂದ ಅವರ ಪಾಲಿಗೆ ಸೊನ್ನೆಯ ಬೆನ್ನಿಗೇ ನೀವು ಕಾಣಿಸುತ್ತೀರಿ. ಯೂಟ್ಯೂಬ್‌ನ ಆಟೊ ಸ್ಟಾರ್ಟ್ ಆಯ್ಕೆಯನ್ನು ಮಾತ್ರ ಗಮನಿಸಿ. ಅದು ಆಫ್ ಆಗಿದ್ದರೆ ಒಬಿಎಸ್‌ನಲ್ಲಿ ಸ್ಟ್ರೀಮ್ ಶುರು ಮಾಡಿದರೆ ಸಾಲದು. ಯೂಟ್ಯೂಬ್‌ನ ಲೈವ್ ಕಂಟ್ರೋಲ್ ರೂಮ್‌ನಲ್ಲೂ ‘ಗೋ ಲೈವ್’ ಒತ್ತಬೇಕು. ಒತ್ತುವವರೆಗೂ ನಿಮ್ಮ ಕ್ಷಣಗಣನೆ ನಿಮಗೊಬ್ಬರಿಗೇ ಓಡುತ್ತಿರುತ್ತದೆ. ಅಂದಹಾಗೆ, ಕಾರ್ಯಕ್ರಮದ ನಂತರ ಉಳಿಯುವ ವಿಡಿಯೊದಲ್ಲಿ ಈ ಭಾಗವೂ ಸೇರಿರುತ್ತದೆ. ಯೂಟ್ಯೂಬ್ ಎಡಿಟರ್‌ನಲ್ಲಿ ಕತ್ತರಿಸಿಬಿಡಿ.

ಕೊನೆಯದಾಗಿ ಮೈಕ್. ಕ್ಷಣಗಣನೆಯ ಸೀನ್‌ನಲ್ಲಿ ಕ್ಯಾಮೆರಾ ಇಲ್ಲ ಎಂದ ಮಾತ್ರಕ್ಕೆ ಮೈಕ್ ಇಲ್ಲ ಎಂದಲ್ಲ. ಸೆಟ್ಟಿಂಗ್ಸ್‌ನ ಆಡಿಯೊ ವಿಭಾಗದಲ್ಲಿ ಹಾಕಿದ ಮೈಕ್ ಎಲ್ಲ ಸೀನ್‌ಗಳಲ್ಲೂ ತೆರೆದಿರುತ್ತದೆ, ಮನೆಯವರೊಡನೆ ಆಡಿದ ಮಾತೆಲ್ಲ ಪ್ರಸಾರವಾಗುತ್ತದೆ. ಅಲ್ಲಿ ಅದನ್ನು ‘ಡಿಸೇಬಲ್ಡ್’ ಮಾಡಿ, ಮುಖ್ಯ ಸೀನ್‌ನಲ್ಲಿ ಮಾತ್ರ ‘ಆಡಿಯೊ ಇನ್‌ಪುಟ್ ಕ್ಯಾಪ್ಚರ್’ ಆಗಿ ಸೇರಿಸಿ. ಇಷ್ಟಾದ ಮೇಲೆ ಗುರಿಯ ಸಮಯವನ್ನು ಎರಡು ನಿಮಿಷ ಮುಂದಕ್ಕಿಟ್ಟು, ಪ್ರಸಾರದ ಬದಲು ‘ಸ್ಟಾರ್ಟ್ ರೆಕಾರ್ಡಿಂಗ್’ ಒತ್ತಿ, ಸೊನ್ನೆ ದಾಟಿ ಮುಖ್ಯ ಸೀನ್‌ಗೆ ಬರುವವರೆಗೆ ಒಮ್ಮೆ ಪೂರ್ತಿ ನಡೆಸಿ ನೋಡಿ. ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾವ ಹಂತ, ಯಾವ ಆಪರೇಟಿಂಗ್ ಸಿಸ್ಟಮ್ ಎಂದು ಬರೆಯಿರಿ, ನೋಡಿ ಹೇಳುತ್ತೇನೆ.