ಕಾಫಿ ಬೆಳೆಯದ ಊರಿನಲ್ಲಿ ಕಾಫಿಯ ಬೆಲೆ: ಉತ್ತರ ಅಮೆರಿಕದ ನಗರಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಾಗತಿಕ ನಗರಗಳ ಪಟ್ಟಿಗಳಲ್ಲಿ ನ್ಯೂಯಾರ್ಕ್ ಸದಾ ತುದಿಯಲ್ಲಿರುತ್ತದೆ. ಆದರೆ ಅತಿ ಹೆಚ್ಚು ಪ್ರಯಾಣಿಕರು ಬಳಸುವ ವಿಮಾನ ನಿಲ್ದಾಣ ಇರುವುದು ಅಟ್ಲಾಂಟಾದಲ್ಲಿ. ಹಾಗಿದ್ದೂ ಅಟ್ಲಾಂಟಾ ಕೆಳಗಿನ ದರ್ಜೆಯಲ್ಲಿ ಏಕಿದೆ? ಈ ದರ್ಜೆಗಳನ್ನು ಯಾವ ಲೆಕ್ಕದ ಮೇಲೆ ಕೊಡುತ್ತಾರೆ? (ಓದುಗರು, ಶಿವಮೊಗ್ಗ)

ಉತ್ತರ: ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದವರಿಗೆ ಇದರ ಅರ್ಧ ಉತ್ತರ ಗೊತ್ತೇ ಇರುತ್ತದೆ. ಮೈಸೂರಿನ ಕಡೆಯಿಂದ ಬಂದವರೂ ಬೆಂಗಳೂರಿನ ಕಡೆಯಿಂದ ಬಂದವರೂ ಅಲ್ಲಿ ಇಳಿದು, ಚಹಾ ಕುಡಿದು, ಮತ್ತೊಂದು ಗಾಡಿ ಹತ್ತುತ್ತಾರೆ. ಆದರೆ ನೈಋತ್ಯ ರೈಲ್ವೆಯ ತೀರ್ಮಾನಗಳಾಗುವುದು ಅದರ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ. ಜನ ಹಾದುಹೋಗುವ ಊರು ಬೇರೆ, ತೀರ್ಮಾನವಾಗುವ ಊರು ಬೇರೆ.

ಅಟ್ಲಾಂಟಾದ ಹಾರ್ಟ್ಸ್‌ಫೀಲ್ಡ್-ಜಾಕ್ಸನ್ ನಿಲ್ದಾಣವು 1998ರಿಂದೀಚೆಗೆ, ಕೋವಿಡ್ ಕಾಲದ 2020ರ ಒಂದು ವರ್ಷವನ್ನು ಬಿಟ್ಟರೆ, ಪ್ರಯಾಣಿಕರ ಸಂಖ್ಯೆಯಲ್ಲಿ ಜಗತ್ತಿಗೇ ಮೊದಲನೆಯದಾಗಿದೆ. 2023ರಲ್ಲಿ ಅದನ್ನು ಬಳಸಿದವರು ಹತ್ತು ಕೋಟಿಗೂ ಹೆಚ್ಚು. ಆದರೆ ಇವರಲ್ಲಿ ಬಹುಪಾಲು ಜನ ಅಮೆರಿಕದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರು. ಡೆಲ್ಟಾ ಸಂಸ್ಥೆಯ ವಿಮಾನದಿಂದ ಇಳಿದು ಅದೇ ಸಂಸ್ಥೆಯ ಇನ್ನೊಂದು ವಿಮಾನ ಹತ್ತುವವರು ಅವರಲ್ಲಿ ಬಹಳ. ನ್ಯೂಯಾರ್ಕಿನ ಕೆನಡಿ ನಿಲ್ದಾಣವನ್ನು ಅದೇ ವರ್ಷ ಬಳಸಿದವರು ಸುಮಾರು 6.2 ಕೋಟಿ, ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿದೇಶಕ್ಕೆ ಹೋಗುವವರು ಇಲ್ಲವೇ ವಿದೇಶದಿಂದ ಬರುವವರು. ಅಂತರರಾಷ್ಟ್ರೀಯ ಸಂಪರ್ಕ ಎಂದಾಗ ಎಣಿಸಬೇಕಾದ್ದು ಈ ಎರಡನೆಯ ಬಗೆಯನ್ನು. ಹಾಗೆಂದು ಅಟ್ಲಾಂಟಾವನ್ನು ಬರೀ ಜಂಕ್ಷನ್ ಎಂದು ತಳ್ಳಿಹಾಕುವುದೂ ತಪ್ಪು: ಕೋಕ-ಕೋಲಾ ಮತ್ತು ಡೆಲ್ಟಾದ ಕೇಂದ್ರ ಕಚೇರಿಗಳು ಅಲ್ಲಿವೆ, 1980ರಲ್ಲಿ ಸಿಎನ್‌ಎನ್ ಶುರುವಾದದ್ದೂ ಅಲ್ಲಿಯೇ.

ಇನ್ನು ದರ್ಜೆಯ ಲೆಕ್ಕ. ಆಲ್ಫಾ, ಬೀಟಾ, ಗಾಮಾ ಎಂದು ತಾವು ಓದಿರುವ ವಿಂಗಡಣೆಯು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿ 1998ರಲ್ಲಿ ಶುರುವಾದ ಜಾಗತಿಕ ನಗರಗಳ ಸಂಶೋಧನಾ ಜಾಲದ್ದು. ಅವರು ಜನಸಂಖ್ಯೆಯನ್ನಾಗಲಿ ಕಟ್ಟಡಗಳನ್ನಾಗಲಿ ಎಣಿಸುವುದಿಲ್ಲ. ಹಣಕಾಸು, ಲೆಕ್ಕಪರಿಶೋಧನೆ, ಕಾನೂನು, ಜಾಹೀರಾತು, ಆಡಳಿತ ಸಲಹೆ, ಈ ಸೇವೆಗಳನ್ನು ದೇಶದೇಶಗಳಲ್ಲಿ ಒದಗಿಸುವ ದೊಡ್ಡ ಕಂಪನಿಗಳು ಯಾವ ಊರಿನಲ್ಲಿ ಎಷ್ಟು ದೊಡ್ಡ ಕಚೇರಿ ಇಟ್ಟಿವೆ ಎಂದು ನೋಡುತ್ತಾರೆ. 2020ರ ಪಟ್ಟಿಗಾಗಿ ಅವರು 175 ಕಂಪನಿಗಳನ್ನು 707 ನಗರಗಳಲ್ಲಿ ಹುಡುಕಿದ್ದರು. ಒಂದು ಕಂಪನಿಗೆ ಒಂದು ಊರಿನಲ್ಲಿ ಕಚೇರಿಯೇ ಇಲ್ಲದಿದ್ದರೆ ಸೊನ್ನೆ, ಸಾಧಾರಣ ಕಚೇರಿಗೆ ಎರಡು, ಕೇಂದ್ರ ಕಚೇರಿಗೆ ಐದು ಅಂಕ. ಆಮೇಲಿನದು ಗುಣಾಕಾರ. ಒಂದು ಕಾನೂನು ಸಂಸ್ಥೆಯ ಕೇಂದ್ರ ಕಚೇರಿ ನ್ಯೂಯಾರ್ಕಿನಲ್ಲಿದ್ದು (5), ಷಿಕಾಗೋದಲ್ಲಿ ತುಸು ದೊಡ್ಡ ಶಾಖೆ ಇದ್ದರೆ (3), ಆ ಎರಡು ನಗರಗಳ ನಂಟಿಗೆ ಆ ಸಂಸ್ಥೆಯಿಂದ ಸಿಗುವ ಅಂಕ 15. ಹೀಗೆ ಪ್ರತಿ ಕಂಪನಿಗೂ, ಪ್ರತಿ ಜೋಡಿ ಊರಿಗೂ ಗುಣಿಸಿ ಕೂಡಿಸಿದಾಗ ಬರುವ ಮೊತ್ತವೇ ಒಂದು ನಗರದ ಸಂಪರ್ಕಬಲ. ಎಲ್ಲಕ್ಕಿಂತ ಮೇಲಿನದಾದ, ಎರಡು ಪ್ಲಸ್ ಗುರುತಿನ ಆಲ್ಫಾ ದರ್ಜೆ ಲಂಡನ್ ಮತ್ತು ನ್ಯೂಯಾರ್ಕಿಗೆ ಮಾತ್ರ ಸಿಗುತ್ತ ಬಂದಿದೆ. ಲಾಸ್ ಏಂಜಲೀಸ್, ಷಿಕಾಗೋ, ಟೊರಾಂಟೊ, ಮೆಕ್ಸಿಕೊ ಸಿಟಿಗಳು ಸಾಮಾನ್ಯವಾಗಿ ಆಲ್ಫಾ ಗುಂಪಿನಲ್ಲಿರುತ್ತವೆ.

ಈ ವಿಧಾನದ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ. ವಕೀಲರ, ಲೆಕ್ಕಿಗರ ಕಚೇರಿಗಳು ಎಲ್ಲಿವೆ ಎಂಬುದರಿಂದ ಬಂಡವಾಳ ಯಾರ ಮಾತು ಕೇಳುತ್ತದೆ ಎಂದು ತಿಳಿಯಬಹುದು. ಆದರೆ ಬಂದರು, ಸರಕುಪೇಟೆ, ಸಮುದ್ರದಡಿಯ ಕೇಬಲ್ಲು, ವಿಶ್ವವಿದ್ಯಾಲಯ, ಸಿನಿಮಾ ಇವು ಯಾವುವೂ ಈ ಗುಣಾಕಾರದೊಳಗೆ ಬರುವುದಿಲ್ಲ.

ನಮಗೆ ಹತ್ತಿರದ ಉದಾಹರಣೆಯೊಂದನ್ನು ನೋಡೋಣ. ಚಿಕ್ಕಮಗಳೂರಿನ ಅಥವಾ ಸೋಮವಾರಪೇಟೆಯ ಕಾಫಿ ಬೆಳೆಗಾರರು ಅರೇಬಿಕಾ ಮಾರುವ ಮುನ್ನ ವಿಚಾರಿಸುವುದು ನ್ಯೂಯಾರ್ಕ್ ಟರ್ಮಿನಲ್ ಬೆಲೆಯನ್ನು (ಅಲ್ಲಿನ ವಾಯಿದಾ ಪೇಟೆಯ, ಎಂದರೆ ಮುಂದೆ ಕೊಡುವ ಸರಕಿಗೆ ಈಗಲೇ ದರ ಗೊತ್ತುಮಾಡುವ ಪೇಟೆಯ ಬೆಲೆ), ರೋಬಸ್ಟಾ ಆದರೆ ಲಂಡನ್ ಬೆಲೆಯನ್ನು. ನ್ಯೂಯಾರ್ಕಿನಲ್ಲಿ ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ. ಆದರೂ 1882ರಲ್ಲಿ ಅಲ್ಲಿ ಕಾಫಿಯ ವಾಯಿದಾ ವಹಿವಾಟು ಶುರುವಾಯಿತು, ಇಂದಿಗೂ ಅರೇಬಿಕಾದ ಬೆಲೆ ಹುಟ್ಟುವುದು ಆ ಪೇಟೆಯಲ್ಲಿಯೇ. ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು ಹೇಳುವ ಆ ಬೆಲೆಗೆ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಎಂದು ನಮ್ಮ ರಫ್ತುದಾರರು ಮಾತು ಮುಗಿಸುತ್ತಾರೆ. ಒಪ್ಪಂದದ ಪ್ರಕಾರ ತಲುಪಿಸಬೇಕಾದ ಚೀಲಗಳು ಆಂಟ್ವರ್ಪಿನಂಥ ಯುರೋಪಿನ ಬಂದರುಗಳ ಗೋದಾಮುಗಳಲ್ಲೂ ಇರಬಹುದು. ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿತೆಂಬ ಸುದ್ದಿ ಮೂಡಿಗೆರೆಯ ಕಣಕ್ಕೆ ಬೆಲೆಯಾಗಿ ಬರುವುದು ನ್ಯೂಯಾರ್ಕಿನ ಮೂಲಕ. ಪ್ರಭಾವ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು: ಆ ಊರನ್ನು ಎಂದೂ ನೋಡದವನ ಲೆಕ್ಕದ ಪುಸ್ತಕದಲ್ಲಿ ಅದರ ಕೈವಾಡ ಇರುವುದು.

ಷಿಕಾಗೋದ ಬಲವೂ ಇದೇ ಜಾತಿಯದು. 1848ರಲ್ಲಿ ಸ್ಥಾಪನೆಯಾದ ಅಲ್ಲಿನ ಧಾನ್ಯಪೇಟೆ ಮೆಕ್ಕೆಜೋಳ, ಗೋಧಿ, ಸೋಯಾ ಬೆಲೆಗಳ ದಿಕ್ಕು ತೋರಿಸುತ್ತದೆ; ನಾವು ಅರ್ಜೆಂಟೀನ, ಬ್ರೆಜಿಲುಗಳಿಂದ ತರಿಸುವ ಸೋಯಾ ಎಣ್ಣೆಯ ದರಕ್ಕೂ ಆ ದಿಕ್ಕೇ ಆಧಾರ. ಬಣ್ಣಬಣ್ಣದ ಕೋಟು ತೊಟ್ಟು, ಕೂಗಿ, ಕೈಸನ್ನೆಯಲ್ಲಿ ವ್ಯಾಪಾರ ಕುದುರಿಸುತ್ತಿದ್ದ ಅಲ್ಲಿನ ವಾಯಿದಾ ಕಟ್ಟೆಗಳು 2015ರಲ್ಲಿ ಬಹುತೇಕ ಮುಚ್ಚಿದವು. ಈಗ ವ್ಯಾಪಾರ ನಡೆಯುವುದು ಷಿಕಾಗೋದ ಹೊರವಲಯದ ಅರೋರಾ ಎಂಬ ಊರಿನ ಸರ್ವರ್‌ಗಳಲ್ಲಿ. ನ್ಯೂಯಾರ್ಕ್ ಷೇರುಪೇಟೆಯ ಯಂತ್ರಗಳೂ ಅಷ್ಟೇ, ಇರುವುದು ನ್ಯೂಜೆರ್ಸಿಯ ಮಾವಾದಲ್ಲಿ. ಅರೋರಾಕ್ಕೂ ನ್ಯೂಜೆರ್ಸಿಗೂ ನಡುವೆ ವ್ಯಾಪಾರಿಗಳು ಸಂದೇಶವನ್ನು ಗಾಳಿಯಲ್ಲಿ ರೇಡಿಯೊ ಅಲೆಗಳಾಗಿ ಸಾಗಿಸುವ ಮೈಕ್ರೋವೇವ್ ಗೋಪುರಗಳ ಸಾಲನ್ನೇ ಹೂಡಿಕೊಂಡಿದ್ದಾರೆ. ಗಾಜಿನ ತಂತಿಯೊಳಗೆ ಬೆಳಕಿನ ವೇಗ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ, ಗಾಳಿಯಲ್ಲಿ ಅಷ್ಟು ತಗ್ಗುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಆ ಅಂತರಕ್ಕಾಗಿ ಇಷ್ಟೆಲ್ಲ ಖರ್ಚು. ಪಟ್ಟಿಯಲ್ಲಿ ನ್ಯೂಯಾರ್ಕ್, ಷಿಕಾಗೋ ಎಂದು ಓದುವಾಗ ಹೆಸರು ಒಂದು ಊರಿನದು, ಯಂತ್ರ ಇನ್ನೊಂದು ಊರಿನದು ಎಂಬುದನ್ನು ಮರೆಯಬಾರದು.

ಹಾದಿಯೂ ತೀರ್ಮಾನವೂ ಒಂದೇ ಕಟ್ಟಡದಲ್ಲಿ ಕೂಡಿರುವುದೂ ಉಂಟು. ಮ್ಯಾನ್ಹಟನ್ನಿನ 60 ಹಡ್ಸನ್ ಬೀದಿಯಲ್ಲಿರುವ ಇಟ್ಟಿಗೆ ಬಣ್ಣದ ಎತ್ತರದ ಕಟ್ಟಡವನ್ನು 1930ರಲ್ಲಿ ಮುಗಿಸಿದ್ದು ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಗಾಗಿ. ತಂತಿ ಸಂದೇಶಗಳ ಕಾಲ ಮುಗಿದರೂ ಅದೇ ಕಟ್ಟಡದಲ್ಲಿ ಇಂದು ನೂರಾರು ದೂರಸಂಪರ್ಕ ಸಂಸ್ಥೆಗಳ ಕೇಬಲ್ಲುಗಳು ಒಂದಕ್ಕೊಂದು ಕೂಡುತ್ತವೆ. ಷಿಕಾಗೋದ ಸರ್ಮಾಕ್ ರಸ್ತೆಯಲ್ಲಿ ಹಿಂದೆ ದೊಡ್ಡ ಮುದ್ರಣಾಲಯವಾಗಿದ್ದ ಕಟ್ಟಡಕ್ಕೂ ಇದೇ ಪುನರ್ಜನ್ಮ. ಅಚ್ಚುಯಂತ್ರಗಳ ಭಾರ ತಡೆಯಲೆಂದು ಕಟ್ಟಿದ ನೆಲ ಈಗ ಸರ್ವರ್‌ಗಳನ್ನು ಹೊತ್ತಿದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಲಾಸ್ ಏಂಜಲೀಸ್ ಎಂದರೆ ನಮಗೆ ಹಾಲಿವುಡ್ ನೆನಪಾಗುತ್ತದೆ, ಆದರೆ ಏಷ್ಯಾದ ಸರಕು ಅಮೆರಿಕದೊಳಕ್ಕೆ ಬರುವ ಮುಖ್ಯ ಹೆಬ್ಬಾಗಿಲು ಅದರ ಮತ್ತು ಪಕ್ಕದ ಲಾಂಗ್ ಬೀಚಿನ ಬಂದರು. 2021ರ ಕೊನೆಯ ತಿಂಗಳುಗಳಲ್ಲಿ ನೂರಕ್ಕೂ ಹೆಚ್ಚು ಹಡಗುಗಳು ಅಲ್ಲಿ ಸರದಿ ಕಾದದ್ದರ ಬಿಸಿ ಇಡೀ ದೇಶದ ಅಂಗಡಿಗಳಿಗೆ ತಟ್ಟಿತು. ಮಯಾಮಿ ಲ್ಯಾಟಿನ್ ಅಮೆರಿಕದ ಬ್ಯಾಂಕು, ವಿಮಾನ, ಇಂಟರ್ನೆಟ್ಟುಗಳ ಕೂಡುತಾಣ. ಏಳು ಲಕ್ಷದ ಆಸುಪಾಸಿನ ಜನಸಂಖ್ಯೆಯ ವಾಷಿಂಗ್ಟನ್ನಿನಲ್ಲಿ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಎರಡೂ ಇವೆ. ಸಾಲ ಕೇಳಲು ಬರುವ ದೇಶಗಳಿಗೆ ಆ ಊರಿನ ದರ್ಜೆ ಆಲ್ಫಾವೋ ಬೀಟಾವೋ ಎಂಬುದು ಮುಖ್ಯವಲ್ಲ.

ಪ್ರಶ್ನೆ: ಮಗಳು ಕೆನಡಾದಲ್ಲಿ ಓದಲು ಹೋಗುತ್ತಿದ್ದಾಳೆ. ಹಿಂದೆ ಮಾಂಟ್ರಿಯಲ್ಲೇ ಆ ದೇಶದ ಮೊದಲ ನಗರವಾಗಿತ್ತಂತೆ. ಟೊರಾಂಟೊ ಅದನ್ನು ಹಿಂದಿಕ್ಕಿದ್ದು ಭಾಷೆಯ ಗಲಾಟೆಯಿಂದ ಎಂದು ಕೇಳಿದ್ದೇನೆ, ನಿಜವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಭಾಷೆಯ ವಿಷಯ ಇದ್ದದ್ದು ನಿಜ, ಆದರೆ ಅದು ನಡುವೆ ಬಂದದ್ದು. ಟೊರಾಂಟೊ ಷೇರುಪೇಟೆ 1934ರಲ್ಲಿ ಅಲ್ಲಿನ ಗಣಿ ಷೇರುಗಳ ಪೇಟೆಯನ್ನು ತನ್ನಲ್ಲಿ ಸೇರಿಸಿಕೊಂಡು ಆಗಲೇ ಬೆಳೆಯತೊಡಗಿತ್ತು. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದ ಮೇಲೆ ಸಮುದ್ರದ ಹಡಗುಗಳು ಮಾಂಟ್ರಿಯಲ್ಲಿನಲ್ಲಿ ನಿಲ್ಲದೆ ಮಹಾ ಸರೋವರಗಳವರೆಗೆ ಸಾಗುವಂತಾಯಿತು. ಇಷ್ಟೆಲ್ಲ ಆದ ಮೇಲೆ 1976ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಪ್ರತ್ಯೇಕತೆಯ ಪಕ್ಷ ಅಧಿಕಾರಕ್ಕೆ ಬಂತು, 1977ರಲ್ಲಿ ಫ್ರೆಂಚನ್ನು ವ್ಯವಹಾರದ ಭಾಷೆಯನ್ನಾಗಿ ಮಾಡುವ ಕಾನೂನು ಬಂತು, 1978ರ ಆರಂಭದಲ್ಲಿ ಸನ್ ಲೈಫ್ ವಿಮಾ ಕಂಪನಿ ತನ್ನ ಕೇಂದ್ರ ಕಚೇರಿಯನ್ನು ಟೊರಾಂಟೊಗೆ ಒಯ್ಯುವುದಾಗಿ ಹೇಳಿತು. ಇಳಿಜಾರಿನಲ್ಲಿದ್ದ ಬಂಡಿಗೆ ಕಾನೂನು ಇನ್ನಷ್ಟು ವೇಗ ಕೊಟ್ಟಿತು ಎನ್ನಬಹುದೇ ಹೊರತು, ಬಂಡಿಯನ್ನು ಇಳಿಜಾರಿಗೆ ತಂದದ್ದು ಅದಲ್ಲ.

ಇದರ ಕಣ್ಣಿಗೆ ಕಾಣುವ ಸಾಕ್ಷಿ ಮಿರಾಬೆಲ್ ವಿಮಾನ ನಿಲ್ದಾಣ. ಕೆನಡಾದ ಪೂರ್ವದ ಹೆಬ್ಬಾಗಿಲು ಮಾಂಟ್ರಿಯಲ್ಲೇ ಎಂಬ ನಂಬಿಕೆಯಿಂದ ಸರ್ಕಾರ ರೈತರಿಂದ ಅಪಾರ ಜಮೀನನ್ನು ಸ್ವಾಧೀನಪಡಿಸಿಕೊಂಡು 1975ರಲ್ಲಿ ಅದನ್ನು ತೆರೆಯಿತು. ಅಷ್ಟರಲ್ಲಿ ದೂರ ಹಾರುವ ವಿಮಾನಗಳು ಬಂದು, ಯುರೋಪಿನಿಂದ ನೇರವಾಗಿ ಟೊರಾಂಟೊಗೆ ಹೋಗುವುದು ಸಲೀಸಾಯಿತು. ಊರಿನಿಂದ ದೂರವಿದ್ದ ಮಿರಾಬೆಲ್ ಸೊರಗಿ, 2004ರಲ್ಲಿ ಪ್ರಯಾಣಿಕರಿಗೆ ಮುಚ್ಚಿತು. ನಿಲ್ದಾಣ ಕಟ್ಟಿದರೆ ಸಂಪರ್ಕ ತಾನಾಗಿ ಬರುತ್ತದೆ ಎಂಬ ಲೆಕ್ಕ ಅಲ್ಲಿ ತಪ್ಪಿತು.

ಆದರೂ ಮಗಳು ವಿಮಾನ ಹತ್ತುವಾಗ ಅವಳ ಪೆಟ್ಟಿಗೆಗೆ ಕಟ್ಟುವ ಚೀಟಿಯನ್ನು ಗಮನಿಸಿ. ಬೆಂಗಳೂರಿಗೆ ಬಿಎಲ್‌ಆರ್ ಎಂಬ ಮೂರಕ್ಷರದ ಗುರುತನ್ನು ಕೊಟ್ಟ ವಿಮಾನ ಸಂಸ್ಥೆಗಳ ಒಕ್ಕೂಟದ ಪ್ರಧಾನ ಕಚೇರಿ ಇರುವುದು ಮಾಂಟ್ರಿಯಲ್ಲಿನಲ್ಲಿ. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಘಟನೆಯೂ 1947ರಿಂದ ಅಲ್ಲಿಯೇ ಇದೆ. ಅದಕ್ಕೆ ಬುನಾದಿಯಾದ ಒಪ್ಪಂದಕ್ಕೆ ಸಹಿಯಾದದ್ದು 1944ರಲ್ಲಿ ಷಿಕಾಗೋದಲ್ಲಿ. ಬ್ಯಾಂಕುಗಳು ಹೋದವು, ಆಕಾಶದ ನಿಯಮ ಬರೆಯುವವರು ಉಳಿದರು.

ಪ್ರಶ್ನೆ: ಉತ್ತರ ಅಮೆರಿಕ ಎಂದರೆ ಅಮೆರಿಕ, ಕೆನಡಾ ಎಂದಷ್ಟೇ ಬರೆಯುತ್ತೀರಿ. ಮೆಕ್ಸಿಕೊ ಲೆಕ್ಕಕ್ಕಿಲ್ಲವೇ? (ಓದುಗರು, ಕಲಬುರಗಿ)

ಉತ್ತರ: ಆಕ್ಷೇಪ ನ್ಯಾಯವಾದದ್ದು. ಸುತ್ತಲಿನ ಪ್ರದೇಶ ಸೇರಿ ಎರಡು ಕೋಟಿಗೂ ಹೆಚ್ಚು ಜನರಿರುವ ಮೆಕ್ಸಿಕೊ ಸಿಟಿಯನ್ನು ಬಿಟ್ಟು ಈ ಖಂಡದ ನಗರಗಳನ್ನು ಹೋಲಿಸಲಾಗದು. 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಕಳಿಸಿದ ದೇಶ ಚೀನಾ ಅಲ್ಲ, ಮೆಕ್ಸಿಕೊ. ಆ ಸರಕಿನ ದೊಡ್ಡ ಪಾಲು ದಾಟುವುದು ಟೆಕ್ಸಾಸಿನ ಲರೇಡೊ ಎಂಬ ಗಡಿ ಊರಿನಲ್ಲಿ. ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು, ಸೇತುವೆಯ ಮೇಲೆ ದಿನವೂ ಸಾವಿರಾರು ಲಾರಿಗಳ ಸಾಲು. ಅದೇ ಗಡಿಯ ಮೇಲೆ ಹಾದು ಕೆನಡಾ, ಅಮೆರಿಕ, ಮೆಕ್ಸಿಕೊಗಳನ್ನು ಒಂದೇ ಕಂಪನಿಯ ಹಳಿಯಲ್ಲಿ ಜೋಡಿಸಿದ ರೈಲು ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಎರಡು ಕಂಪನಿಗಳ ವಿಲೀನದಿಂದ ಹುಟ್ಟಿತು. ಅದರ ಕೇಂದ್ರ ಕಚೇರಿ ಕೆನಡಾದ ಕ್ಯಾಲ್ಗರಿಯಲ್ಲಿ. ಮತ್ತೆ ಅರಸೀಕೆರೆ, ಹುಬ್ಬಳ್ಳಿಯ ಕತೆಯೇ.

ಪ್ರಶ್ನೆ: ನಮ್ಮ ಬೆಂಗಳೂರಿಗೆ ಅತಿ ಹತ್ತಿರದ ಅಮೆರಿಕದ ನಗರ ಯಾವುದು? ಸ್ಯಾನ್ ಫ್ರಾನ್ಸಿಸ್ಕೊ ತಾನೇ? (ಓದುಗರು, ಬೆಂಗಳೂರು)

ಉತ್ತರ: ಎಲ್ಲರೂ ಹಾಗೆಯೇ ಹೇಳುತ್ತಾರೆ, ಕಾರಣಗಳೂ ಇವೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಎರಡೂ ಊರುಗಳ ನಡುವೆ ತಡೆರಹಿತ ವಿಮಾನ ಶುರುಮಾಡಿದಾಗ, ಮಹಿಳೆಯರೇ ನಡೆಸಿದ ಆ ಮೊದಲ ಹಾರಾಟ ಸುಮಾರು 14,000 ಕಿ.ಮೀ. ನೇರ ಅಂತರದ ಈ ಊರುಗಳನ್ನು ಉತ್ತರ ಧ್ರುವದ ಮೇಲೆ ಹಾದು ಜೋಡಿಸಿತು. ಆದರೆ ಹತ್ತಿರ ಎಂಬುದನ್ನು ಮೈಲಿಯಲ್ಲಾಗಲಿ ವಿಮಾನದಲ್ಲಾಗಲಿ ಮಾತ್ರ ಅಳೆಯಲಾಗದು. ಬೆಂಗಳೂರಿನ ತಂತ್ರಾಂಶದ ಕತೆಯಲ್ಲಿ ಮೊದಲು ಬರುವ ಅಮೆರಿಕದ ಊರು ಡಲಾಸ್: ಅಲ್ಲಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಇಲ್ಲಿ ಕೇಂದ್ರ ತೆರೆದು, ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಕಳಿಸತೊಡಗಿತು. 1999ರಲ್ಲಿ ಇನ್ಫೋಸಿಸ್ ಅಮೆರಿಕದ ಹೂಡಿಕೆದಾರರ ಮುಂದೆ ಷೇರು ಇಟ್ಟದ್ದು ನ್ಯೂಯಾರ್ಕಿನ ನಾಸ್ಡಾಕ್ ಪೇಟೆಯಲ್ಲಿ. ಇನ್ನೊಂದು ಹೆಸರನ್ನು ಯಾವ ಆಲ್ಫಾ ಪಟ್ಟಿಯಲ್ಲೂ ತಾವು ಕಾಣಲಾರಿರಿ: ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್, 2020ರ ಜನಗಣತಿಯಂತೆ ಸುಮಾರು 54 ಸಾವಿರ ಜನರ ಊರು. ವಾಲ್‌ಮಾರ್ಟಿನ ಕೇಂದ್ರ ಕಚೇರಿ ಅಲ್ಲಿದೆ, ಮತ್ತು 2018ರಲ್ಲಿ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಬಹುಪಾಲನ್ನು ಕೊಂಡದ್ದು ಆ ಕಂಪನಿಯೇ. ಕೋರಮಂಗಲದ ಒಂದು ಫ್ಲ್ಯಾಟಿನಲ್ಲಿ ಪುಸ್ತಕ ಮಾರುತ್ತ ಶುರುವಾದ ಸಂಸ್ಥೆಯ ಮೇಲಿನ ಹಿಡಿತ ಈಗ ಆ ಊರಿನದು.