ಸ್ವಿಸ್ ಚಾರ್ಡ್ ಬುಡಸಮೇತ ಕೀಳಬೇಡಿ

ಪ್ರಶ್ನೆ: ಮೇಡಂ, ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ತಾರಸಿ ತೋಟ ಇದೆ. ಬಣ್ಣಬಣ್ಣದ ದಂಟಿನ ಸ್ವಿಸ್ ಚಾರ್ಡ್ ಸೊಪ್ಪಿನ ಬೀಜ ತರಿಸಿ ಗ್ರೋ ಬ್ಯಾಗಿಗೆ ಹಾಕಿದೆ. ಒಂದೊಂದೇ ಬೀಜ ಊರಿದರೂ ಎರಡು ಮೂರು ಸಸಿ ಹುಟ್ಟಿವೆ. ತಿಂಗಳಾದರೂ ಎಲೆ ಅಂಗೈಯಷ್ಟು ಆಗಿಲ್ಲ. ಪಾಲಕ್ ಥರ ಎಲ್ಲವನ್ನೂ ಕಿತ್ತು ಅಡುಗೆ ಮಾಡಿ, ಹೊಸದಾಗಿ ಬಿತ್ತಲೇ?

ಉತ್ತರ: ದಯವಿಟ್ಟು ಕೀಳಬೇಡಿ. ನಿಮ್ಮ ಬೀಜವೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. ಚಾರ್ಡ್ ಮತ್ತು ಬೀಟ್‌ರೂಟ್ ಒಂದೇ ಜಾತಿಯ ಗಿಡಗಳು. ಒಂದನ್ನು ಗೆಡ್ಡೆಗಾಗಿ ಬೆಳೆಸಿದರು, ಇನ್ನೊಂದನ್ನು ಎಲೆಗಾಗಿ. ನಾವು ಬೀಜ ಅಂತ ಊರುವ ಆ ಒರಟು ಕಾಳು ನಿಜಕ್ಕೂ ಕೂಡಿಕೊಂಡು ಒಣಗಿದ ಪುಟ್ಟ ಕಾಯಿಗಳ ಗೊಂಚಲು. ಒಳಗೆ ಒಂದಕ್ಕಿಂತ ಜಾಸ್ತಿ ಬೀಜ ಇರುತ್ತವೆ. ಅದಕ್ಕೇ ಗುಂಪಾಗಿ ಮೊಳೆಯುತ್ತವೆ.

ಈಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. 12 ಇಂಚು ಅಗಲದ ಬ್ಯಾಗಿಗೆ ಒಂದೇ ಗಿಡ ಸಾಕು. ಉಳಿದವನ್ನು ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಎಳೆದರೆ ಹೆಣೆದುಕೊಂಡ ಬೇರಿನ ಜೊತೆ ಉಳಿಯಬೇಕಾದ ಸಸಿಯೂ ಅಲುಗಿಬಿಡುತ್ತದೆ. ಈ ಹಂತದಲ್ಲೇ ದಂಟಿನ ಬಣ್ಣ ಕಾಣುತ್ತದೆ ಅಲ್ವಾ? ಒಂದು ಬ್ಯಾಗಿನಲ್ಲಿ ಹಳದಿ, ಇನ್ನೊಂದರಲ್ಲಿ ಕೆಂಪು, ಮತ್ತೊಂದರಲ್ಲಿ ಬಿಳಿ ಉಳಿಸಿಕೊಳ್ಳಿ. ಕತ್ತರಿಸಿದ ಎಳೆ ಸಸಿ ಎಸೆಯಬೇಡಿ. ನಮ್ಮ ಮನೆಯಲ್ಲಿ ಹೆಸರುಬೇಳೆ ಕೋಸಂಬರಿಗೆ ಹಾಕುತ್ತೇವೆ, ತುಂಬಾ ರುಚಿ.

ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಒಂದು ಹಿಡಿ ಎರೆಗೊಬ್ಬರ ಕೊಡಿ. ಮಣ್ಣು ಪೂರ್ತಿ ಒಣಗಲು ಬಿಡಬೇಡಿ. ಒತ್ತು ಕಡಿಮೆಯಾದ ಮೇಲೆ ಎಲೆ ಬೇಗ ಅಗಲವಾಗುತ್ತವೆ. ಬಿತ್ತಿ 50-60 ದಿನಕ್ಕೆ ಹೊರಗಿನ ಎಲೆ ಬಿಡಿಸಬಹುದು. ನಡುವಿನ ನಾಲ್ಕೈದು ಎಳೆ ಎಲೆ ಮಾತ್ರ ಮುಟ್ಟಬೇಡಿ, ಗಿಡ ಚಿಗುರುವುದು ಅಲ್ಲಿಂದಲೇ. ಚಳಿ ದೇಶಗಳಲ್ಲಿ ಒಂದು ಚಳಿಗಾಲ ದಾಟಿದ ಮೇಲೆ ಇದಕ್ಕೆ ಹೂಕೋಲು ಬರುತ್ತದೆ, ಅಲ್ಲಿಗೆ ಎಲೆ ಮುಗಿಯಿತು. ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ? ಹಾಗಾಗಿ ಒಂದೇ ಗಿಡ ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಇಂಥ ಗಿಡವನ್ನು ಒಂದು ದಿನದ ಪಲ್ಯಕ್ಕೆ ಕಿತ್ತುಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೂ ಬಾರದ ಕಾರಣ ಬೀಜ ಮನೆಯಲ್ಲಿ ಸಿಗುವುದು ಕಷ್ಟ. ಒಂದಿಷ್ಟು ಬೀಜ ಎತ್ತಿಟ್ಟುಕೊಂಡಿರಿ.

ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯಾಹ್ನ ಎಲೆ ಬಾಡಿದಂತೆ ಕಂಡರೆ ಗಾಬರಿ ಬೇಡ. ಸಂಜೆಗೆ ನೆಟ್ಟಗಾಗದಿದ್ದರೆ ಮಾತ್ರ ಶೇಡ್ ನೆಟ್ ಕಟ್ಟಿ. ಅಡುಗೆಗೆ ದಂಟು ಬೇರೆ, ಎಲೆ ಬೇರೆ ಹೆಚ್ಚಿಕೊಳ್ಳಿ. ದಂಟು ಮೊದಲು ಒಗ್ಗರಣೆಗೆ ಬೀಳಲಿ, ಅರ್ಧ ಬೆಂದ ಮೇಲೆ ಎಲೆ.

ಪ್ರಶ್ನೆ: ಚಾರ್ಡ್ ಎಲೆಯ ಮೇಲೆ ಬಿಳಿ ಗೆರೆಗಳು ಸುತ್ತಿಕೊಂಡಿವೆ. ಕೆಲವು ಎಲೆಗಳಲ್ಲಿ ದುಂಡನೆಯ ಚುಕ್ಕೆ. ಬೇವಿನ ಎಣ್ಣೆ ಸಿಂಪಡಿಸಿದರೂ ಹೋಗಿಲ್ಲ. (ಮೈಸೂರಿನ ಓದುಗರು)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಗೆರೆ ಬಿಡಿಸಿರುವುದು ರಂಗೋಲಿ ಹುಳು, ಅಂದರೆ ಒಂದು ಬಗೆಯ ಸಣ್ಣ ನೊಣದ ಮರಿ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಗೆರೆಯ ತುದಿಯಲ್ಲಿ ಸಣ್ಣ ಹುಳು ಕಾಣಬಹುದು. ಅದು ಎಲೆಯ ಎರಡು ಪದರಗಳ ನಡುವೆ ಕೂತು ತಿನ್ನುತ್ತದೆ, ಮೇಲೆ ಹೊಡೆದ ಎಣ್ಣೆ ಅದನ್ನು ತಲುಪುವುದು ಕಷ್ಟ. ಆ ಎಲೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಬಿಸಿಲಿಗಿಡಿ. ಗೊಬ್ಬರದ ಡಬ್ಬಿಗೆ ಬೇಡ. ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿದರೆ, ಹೊಸದಾಗಿ ಮೊಟ್ಟೆ ಇಡಲು ಬರುವ ನೊಣ ದೂರ ಇರುತ್ತದೆ.

ಚುಕ್ಕೆಯ ನಡುವೆ ಬೂದು, ಅಂಚಿಗೆ ಕೆನ್ನೇರಳೆ ಇದ್ದರೆ ಅದು ಶಿಲೀಂಧ್ರದ ಎಲೆಚುಕ್ಕೆ ರೋಗ. ಬೀಟ್‌ರೂಟ್‌ಗೂ ಇದೇ ಬರುತ್ತದೆ. ಹಾಗಾಗಿ ಆ ಮಣ್ಣಿಗೆ ಮುಂದಿನ ಸಲ ಬೀಟ್‌ರೂಟ್, ಪಾಲಕ್ ಹಾಕಬೇಡಿ. ಮೆಂತ್ಯ, ಬೀನ್ಸ್ ಹಾಕಿ. ನೀರನ್ನು ಬುಡಕ್ಕೆ ಹಾಕಿ, ಎಲೆ ನೆನೆಸಬೇಡಿ.

ಪ್ರಶ್ನೆ: ನಮ್ಮ ತಂದೆಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅವರು ಚಾರ್ಡ್ ತಿನ್ನಬಹುದೇ? (ತುಮಕೂರಿನ ಓದುಗರು)

ಉತ್ತರ: ಅವರ ವೈದ್ಯರನ್ನು ಕೇಳದೆ ಬಡಿಸಬೇಡಿ. ಪಾಲಕ್‌ನಲ್ಲಿ ಇರುವಂತೆ ಇದರಲ್ಲೂ ಆಕ್ಸಲೇಟ್ ಜಾಸ್ತಿ, ಅದು ಕೆಲವರಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗುವ ಅಂಶ. ಪಾಲಕ್ ಬೇಡ ಅಂದಿದ್ದರೆ ಇದೂ ಬೇಡ. ಬೇಯಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಬಸ್ಸಾರಿಗೆ ನಾವು ಬಳಸುವುದು ಆ ಬಸಿದ ನೀರನ್ನೇ. ಸೊಪ್ಪಿನಿಂದ ಬಿಟ್ಟದ್ದು ಸಾರಿನಲ್ಲೇ ಉಳಿಯುತ್ತದೆ. "ಪಲ್ಯ ಬಡಿಸಿಲ್ಲ, ಸಾರು ತಾನೇ" ಅಂತ ಅವರಿಗೆ ಕೊಡಬೇಡಿ. ಅವರಿಗೆ ಅವತ್ತು ಸೋರೆಕಾಯಿ ಪಲ್ಯ, ತಿಳಿಸಾರು ಮಾಡಿ.